ಸಂಜೆ ಬೀದಿಯ ಮೂರೂವರೆ ಸುತ್ತು

ನಾನು ಮಧ್ಯಾಹ್ನದ ಬೀದಿಯಲ್ಲಿ ಹುಟ್ಟಿದವಳು. ನನ್ನ ಸಿಟ್ಟಿಗೆಲ್ಲ ಅದೇ ಕಾರಣ ಅಂತ ನನ್ನ ಗಂಡ ಹೇಳುತ್ತಾನೆ, ಹೇಳಿಕೊಳ್ಳಲಿ. ಸಂಜೆ ಬೀದಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಎಷ್ಟು ಉಂಡರೂ ಊಟ ಆಯಿತು ಅನ್ನಿಸುತ್ತಿರಲಿಲ್ಲ. ಎಲೆ ಮುಂದೆ ಕೂತರೆ ಕಿಟಕಿಯಾಚೆ ಹೊತ್ತು ಮುಳುಗುತ್ತಲೇ ಇರುತ್ತಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಅನ್ನ ಸಾರು ಗಂಟಲಲ್ಲಿ ಇಳಿಯುವುದಾದರೂ ಹೇಗೆ? ನಮ್ಮತ್ತೆ ಒಳ್ಳೆಯವರು. ಸೊಸೆ ಸೊರಗುವುದು ನೋಡಲಾರದೆ ಕ್ಯಾರಿಯರ್ ತುಂಬಿಸಿ, ಹೋಗಿ ನಿಮ್ಮ ಬೀದಿಯಲ್ಲೇ ಕೂತು ಉಂಡು ಬಾ ಅಂತ ಕಳಿಸುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ನನಗೂ ಮುಸ್ಸಂಜೆ ಒಗ್ಗಿತು, ಮೈಯೂ ಬಂತು.

ನಮ್ಮೂರು ಹೀಗೇ. ಬೆಳಗಿನ ಬೀದಿಯಲ್ಲಿ ಯಾವಾಗಲೂ ಬೆಳಗ್ಗೆ, ಮಧ್ಯಾಹ್ನದ ಬೀದಿಯಲ್ಲಿ ಮಧ್ಯಾಹ್ನ, ಸಂಜೆ ಬೀದಿಯಲ್ಲಿ ಸಂಜೆ, ರಾತ್ರಿ ಬೀದಿಯಲ್ಲಿ ರಾತ್ರಿ. ಸ್ಕೂಲುಗಳೆಲ್ಲ ಬೆಳಗಿನ ಬೀದಿಯಲ್ಲಿವೆ. ಹಪ್ಪಳ ಸಂಡಿಗೆ ಒಣಗಿಸುವವರು ಮಧ್ಯಾಹ್ನದ ಬೀದಿಗೆ ಚಾಪೆ ಹೊತ್ತುಕೊಂಡು ಹೋಗುತ್ತಾರೆ. ಮಲಗುವುದಕ್ಕೆ ಊರಿಗೆ ಊರೇ ರಾತ್ರಿ ಬೀದಿಗೆ ಬರುತ್ತದೆ, ಒಂದೊಂದು ಮನೆಗೂ ಅಲ್ಲಿ ಒಂದು ಕೋಣೆ ಇದ್ದೇ ಇರುತ್ತದೆ. ಅಲ್ಲಿ ಮಲಗಿ ಎದ್ದು ಬಂದರೆ ಒಂದು ದಿನ ಆಯಿತು ಅಂತ ಲೆಕ್ಕ. ಬಜ್ಜಿ ಬೋಂಡ ಮಾತ್ರ ನಮ್ಮ ಬೀದಿಯದೇ ಆಗಬೇಕು. ಬೆಳಗಿನ ಬೀದಿಯವರು ಒಂದು ಸಲ ತಾವೇ ಬಜ್ಜಿ ಕರಿಯಲು ಹೋಗಿ ಎಣ್ಣೆ ಹಾಳು ಮಾಡಿಕೊಂಡರು. ಅವರ ಬೀದಿಯಲ್ಲಿ ಇಡ್ಲಿ ಹೂವಿನ ಹಾಗೆ ಆಗುತ್ತದೆ, ಒಪ್ಪಿದೆ, ಬಜ್ಜಿ ಆಗುವುದಿಲ್ಲ.

ಪ್ರತಿ ಬೀದಿಯ ಕೊನೆಯಲ್ಲೂ ಒಂದು ಐಸ್ ಅಂಗಳ ಇದೆ. ಮಧ್ಯಾಹ್ನದ ಬೀದಿಯದು ಮಾತ್ರ ಯಾವಾಗ ನೋಡಿದರೂ ಕೊಚ್ಚೆ, ಅಲ್ಲಿ ಎಮ್ಮೆ ಮಲಗುತ್ತವೆ. ಅಲಗು ಹಾಕಿದ ಬೂಟು ಕಟ್ಟಿಕೊಂಡು ಐಸಿನ ಮೇಲೆ ಸ್ಕೇಟಿಂಗ್ ಮಾಡುವುದೆಂದರೆ ನಮ್ಮೂರಿಗೆ ಹುಚ್ಚು. ಮದುವೆ ಮಾತುಕತೆಯಲ್ಲಿ ಹುಡುಗಿಗೆ ಹಾಡು ಬರುತ್ತದೆಯೇ ಅಂತ ಯಾರೂ ಕೇಳುವುದಿಲ್ಲ, ಗಾಳಿಯಲ್ಲಿ ಎಷ್ಟು ಸುತ್ತು ತಿರುಗುತ್ತಾಳೆ ಅಂತ ಕೇಳುತ್ತಾರೆ. ನಾನು ಅರ್ಧ ಸುತ್ತಿಗೇ ಮಗುಚಿಕೊಳ್ಳುವವಳು. ಹಾಗಿದ್ದೂ ಕಟ್ಟಿಕೊಂಡನಲ್ಲ, ಅದಕ್ಕೇ ಗಂಡ ನನ್ನ ಸಿಟ್ಟಿನ ಬಗ್ಗೆ ಎಷ್ಟು ಆಡಿಕೊಂಡರೂ ಸುಮ್ಮನಿರುತ್ತೇನೆ.

ನನ್ನ ನಾದಿನಿ ದಾಕ್ಷಾಯಿಣಿ ತಿರುಗುತ್ತಿದ್ದದ್ದು ಮೂರೂವರೆ ಸುತ್ತು. ಊರಲ್ಲಿ ಇನ್ನೊಬ್ಬರು ಅದನ್ನು ಮಾಡಿದ್ದಿಲ್ಲ. ಮುಂದಕ್ಕೆ ಮುಖ ಮಾಡಿ ಹಾರಿ, ಗಾಳಿಯಲ್ಲಿ ಮೂರು ಸುತ್ತು ಸುತ್ತಿ, ಮತ್ತೂ ಅರ್ಧ ಸುತ್ತಿ, ಬೆನ್ನು ಮುಂದಾಗಿ ಒಂದೇ ಕಾಲಲ್ಲಿ ಇಳಿಯಬೇಕು. ನಮ್ಮ ಬೀದಿಯ ಅಂಗಳದಲ್ಲಿ, ಹೊಂಬಣ್ಣದ ಬೆಳಕಿನಲ್ಲಿ, ಅವಳು ಅದನ್ನು ದಿನಾ ಮಾಡುತ್ತಿದ್ದಳು. ನೋಡುವುದಕ್ಕೆ ಇರುತ್ತಿದ್ದದ್ದು ನಾನು ಮತ್ತು ಅವಳಿಗೆ ಕಲಿಸುವ ಹಾಲಪ್ಪ ಮೇಷ್ಟ್ರು, ಇಬ್ಬರೇ. ಬೀದಿಯ ಉಳಿದವರಿಗೆಲ್ಲ ಅದೇ ಹೊತ್ತಿಗೆ ಬಾಣಲೆ ಮುಂದೆ ಕೆಲಸ. ಪಂದ್ಯದ ದಿನ ಎಲ್ಲರೂ ನೋಡುತ್ತಾರಲ್ಲ, ಆಗ ಆಯಿತು ಅಂತ ದಾಕ್ಷಿ ಅನ್ನುತ್ತಿದ್ದಳು.

ಪಂದ್ಯದ ದಿನ ಆಗುತ್ತಿದ್ದದ್ದೇ ಬೇರೆ. ಬೇರೆ ಊರುಗಳಲ್ಲಿ ಪಂದ್ಯ ಎಷ್ಟು ಹೊತ್ತಿಗೆ ಅಂತ ಕೇಳುತ್ತಾರಂತೆ, ನಮ್ಮಲ್ಲಿ ಯಾವ ಬೀದಿಯಲ್ಲಿ ಅಂತ ಕೇಳಿದರೆ ಸಾಕು. ಅದನ್ನೂ ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಅದು ಪ್ರತಿ ವರ್ಷ ನಡೆಯುತ್ತಿದ್ದದ್ದು ಬೆಳಗಿನ ಬೀದಿಯಲ್ಲೇ. ಸ್ಕೇಟಿಂಗ್ ಸಂಘದ ಕಾರ್ಯದರ್ಶಿ ಚನ್ನವೀರಯ್ಯನವರ ಮನೆ ಅಲ್ಲಿ, ಅವರಪ್ಪನ ಕಾಲದಿಂದ ಕಾರ್ಯದರ್ಶಿತನವೂ ಅದೇ ಮನೆಯಲ್ಲಿ. ಬೆಳಗಿನ ಹೊತ್ತು ಶುಭ, ಮೈ ಹಗುರ, ಮನಸ್ಸು ತಿಳಿ ಅಂತ ಅವರು ಮೈಕಿನಲ್ಲಿ ಹೇಳುತ್ತಿದ್ದರು. ಯಾರ ಮೈ ಹಗುರ ಅಂತ ಕೇಳುವವರಿರಲಿಲ್ಲ.

ಹುಟ್ಟಿ ಬೆಳೆದ ಬೀದಿಯ ಹೊತ್ತು ಮೈಗೆ ಅಂಟಿಕೊಂಡಿರುತ್ತದೆ. ಬೆಳಗಿನ ಬೀದಿಯ ಎಳೆಬಿಸಿಲು ಕಣ್ಣಿಗೆ ಬಿದ್ದರೆ ಸಾಕು, ಸಂಜೆ ಬೀದಿಯವರಿಗೆ ಮಂಡಿ ಬಿಗಿಯುತ್ತದೆ, ಆಕಳಿಕೆ ಬರುತ್ತದೆ. ದಾಕ್ಷಿಯೂ ಹಾಗೇ. ಕಾಲು ಏಳು ಅಂದರೆ ಮೈ ಸ್ವಲ್ಪ ಇರು ಅನ್ನುತ್ತದೆ ಅಂತ ಅವಳೇ ಹೇಳಿದ್ದಳು. ಮೂರೂವರೆಗೆ ಅಂತ ಹಾರಿದವಳು ಎರಡೂವರೆಗೇ ಕೆಳಗೆ ಬಂದು ಕುಂಡಿ ಊರಿ ಕೂರುತ್ತಿದ್ದಳು. ಬೆಳಗಿನ ಬೀದಿಯ ತ್ರಿಪುರಾ ಇದ್ದಾಳಲ್ಲ, ಅವಳು ಅಂಗಳದ ಎದುರಿನ ತನ್ನ ಮನೆಯಲ್ಲಿ ಕಾಫಿ ಲೋಟ ಕೆಳಗಿಟ್ಟು ನೇರ ಐಸಿಗೆ ಬಂದವಳು, ಅಚ್ಚುಕಟ್ಟಾಗಿ ಮೂರು ಸುತ್ತು ಸುತ್ತಿ, ನಕ್ಕು, ಗೆದ್ದ ಕಪ್ಪು ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ದಾಕ್ಷಿ ಪ್ರತಿ ಸಲ ಎರಡನೆಯವಳು. ಜನ ಬಾಯಿಗೆ ಬಂದದ್ದು ಹೇಳಿದರು. ದೊಡ್ಡ ಪಂದ್ಯ ಅಂದರೆ ಹುಡುಗಿಗೆ ಕೈಕಾಲು ನಡುಗುತ್ತದೆ ಅಂದರು, ದೃಷ್ಟಿ ತಾಗಿದೆ ಅಂದರು. ಹಾಲಪ್ಪ ಮೇಷ್ಟ್ರು ಇನ್ನಷ್ಟು ಅಭ್ಯಾಸ ಬೇಕು ಅಂದರು. ದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ, ಅವಳನ್ನು ಅವಳ ಹೊತ್ತಿನಲ್ಲಿ ಆಡಲು ಬಿಡಿ ಅಂತ ನಾನು ಅಂದೆ. ಅಡುಗೆಮನೆಯಿಂದ ಬಂದ ಮಾತು ಯಾರ ಕಿವಿಗೂ ಬೀಳಲಿಲ್ಲ.

ಹೋದ ವರ್ಷ ದಾಕ್ಷಿಯ ಮಂಡಿ ಊದಿಕೊಂಡಿತು. ಡಾಕ್ಟರು ಮುಟ್ಟಿ ನೋಡಿ, ಈ ವರ್ಷ ಆಡು, ಮುಂದಿನ ವರ್ಷ ಈ ಕಾಲಿನ ಮೇಲೆ ಹಾರುವ ಯೋಚನೆ ಬಿಡು ಅಂದರು. ಮನೆಗೆ ಬರುವ ದಾರಿಯಲ್ಲಿ ದಾಕ್ಷಿ ನಮ್ಮ ಬೀದಿಯ ಮೂಲೆ ತಿರುಗಿದ ಮೇಲೆ ನಿಂತಳು.

"ಕಪ್ಪು ಬೇಡ ಅತ್ತಿಗೆ. ಆ ಮೂರೂವರೆ ಒಂದು ಸಲ, ಒಂದೇ ಒಂದು ಸಲ ಎಲ್ಲರ ಎದುರಿಗೆ ನಿಲ್ಲಬೇಕು. ಇಲ್ದಿದ್ರೆ ನಾನು ಅದನ್ನ ಮಾಡ್ತಿದ್ದೆ ಅಂತ ನೀವು ಹೇಳಿದ್ರೂ ಯಾರೂ ನಂಬಲ್ಲ."

ಮಾರನೆಯ ದಿನವೇ ನಾವಿಬ್ಬರೂ ಚನ್ನವೀರಯ್ಯನವರ ಮನೆಗೆ ಹೋಗಿ, ಈ ಒಂದು ವರ್ಷ ಪಂದ್ಯವನ್ನು ಸಂಜೆ ಬೀದಿಯಲ್ಲಿ ಇಡಿ ಅಂತ ಕೇಳಿಕೊಂಡೆವು. ಅವರು ನಮಗೆ ಇಡ್ಲಿ ಹಾಕಿಸಿದರು, ಚಟ್ನಿ ಎರಡೆರಡು ಸಲ ಬಡಿಸಿದರು, ಆಗುವುದಿಲ್ಲ ಅಂದರು. ಸಂಜೆ ಬೀದಿಗೆ ಬಂದರೆ ತಮಗೆ ಕೂತಲ್ಲೇ ತೂಕಡಿಕೆ ಬರುತ್ತದೆ, ಕಾರ್ಯದರ್ಶಿ ಗೊರಕೆ ಹೊಡೆದರೆ ಸಂಘದ ಮಾನ ಉಳಿಯುತ್ತದೆಯೇ ಅಂತ ನಮ್ಮನ್ನೇ ಕೇಳಿದರು. ಒಬ್ಬರ ತೂಕಡಿಕೆಗೆ ಒಬ್ಬಳ ಜೀವಮಾನದ ಆಸೆ ಬಲಿಯಾಗಬೇಕೇ ಅಂತ ನಾನು ಶುರುಮಾಡಿದೆ, ದಾಕ್ಷಿ ನನ್ನ ಸೆರಗು ಹಿಡಿದು ಎಬ್ಬಿಸಿಕೊಂಡು ಬಂದಳು.

ಹೊರಗೆ ಬಂದವಳು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಹೊತ್ತು ನನ್ನ ಹತ್ತಿರ ಬರದಿದ್ದರೆ ನಾನೇ ಹೊತ್ತಿನ ಹತ್ತಿರ ಹೋಗುತ್ತೇನೆ ಅಂದಳು. ನಮ್ಮತ್ತೆ ಎಷ್ಟು ಅತ್ತರೂ ಕೇಳದೆ, ಅದೇ ವಾರ ಬೆಳಗಿನ ಬೀದಿಯಲ್ಲಿ ಹಾಲಿನ ಪುಟ್ಟಮ್ಮಣ್ಣಿಯ ಮಹಡಿ ಮೇಲೆ ಒಂದು ಕೋಣೆ ಹಿಡಿದಳು. ಬೇಯಿಸಿ ಹಾಕುವುದಕ್ಕೆ ಅಂತ ನಾನೂ ಹೊರಟೆ. ಮಲಗುವುದಕ್ಕೂ ರಾತ್ರಿ ಬೀದಿಗೆ ಹೋಗದೆ ಅಲ್ಲೇ ಕಿಟಕಿ ಮುಚ್ಚಿಕೊಂಡು ಮಲಗುವುದು ಅಂತಾಯಿತು. ಗಂಡನಿಗೆ ಬಜ್ಜಿ ತಿಂದುಕೊಂಡಿರು ಅಂದೆ.

ಆ ಬೀದಿಯಲ್ಲಿ ಬದುಕುವುದು ಅಂದರೆ ಏನು ಅಂದುಕೊಂಡಿರಿ? ಕಣ್ಣು ಬಿಟ್ಟರೆ ಯಾರೋ ಅಂಗಳ ಗುಡಿಸುತ್ತಿರುತ್ತಾರೆ, ಯಾರೋ ರಂಗೋಲಿ ಇಡುತ್ತಿರುತ್ತಾರೆ. ಇಟ್ಟು ಮುಗಿಸುವ ಹೊತ್ತೇ ಅಲ್ಲಿ ಬರುವುದಿಲ್ಲವಾದ್ದರಿಂದ ಒಂದೊಂದು ರಂಗೋಲಿಯೂ ರಸ್ತೆ ನಡುವಿನವರೆಗೆ ಬಂದಿರುತ್ತದೆ, ಸೈಕಲ್ಲಿನವರು ಅದನ್ನು ಬಳಸಿಕೊಂಡು ಹೋಗುತ್ತಾರೆ. ಎಲ್ಲರೂ ಈಗಷ್ಟೇ ಸ್ನಾನ ಮಾಡಿದವರು, ಎಲ್ಲರಿಗೂ ಅವಸರ, ಎಲ್ಲರೂ ತಿಂಡಿ ಆಯ್ತಾ ಅಂತ ಕೇಳುವವರೇ. ಮಾತಾಡುತ್ತ ಕೂರಲು ಒಬ್ಬರೂ ಸಿಗುವುದಿಲ್ಲ. ನನಗಂತೂ ತಲೆ ಚಿಟ್ಟು ಹಿಡಿಯಿತು.

ದಾಕ್ಷಿಯ ಪಾಡು ಇನ್ನೂ ಕಷ್ಟ. ಮೊದಮೊದಲು ಅವಳು ಐಸಿಗೆ ಇಳಿದು ನಿಂತಲ್ಲೇ ಆಕಳಿಸುತ್ತಿದ್ದಳು. ಒಂದು ಸುತ್ತಿಗೂ ಬೀಳುತ್ತಿದ್ದಳು. ಹಾಲಪ್ಪ ಮೇಷ್ಟ್ರಿಗಾದರೂ ವಾಸಿ, ಅವರು ಬೇಲಿಗೆ ಒರಗಿ ನಿದ್ದೆಯನ್ನೇ ಮಾಡಿಬಿಡುತ್ತಿದ್ದರು. ತ್ರಿಪುರಾ ಬಂದು ನೋಡುವಳು. ಇವಳು ಆಡಿಕೊಳ್ಳಲು ಬಂದಿದ್ದಾಳೆ ಅಂತ ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧವಾಗಿದ್ದೆ. ಆ ಪುಣ್ಯಾತ್ಗಿತ್ತಿ ಒಂದು ದಿನ ಮೊಸರಿನ ಪಾತ್ರೆ ತಂದಿಟ್ಟು, ಎದ್ದ ತಕ್ಷಣ ಮುಖವನ್ನು ಬಿಸಿಲಿಗೆ ಕೊಟ್ಟು ನಿಲ್ಲಬೇಕು, ಕಣ್ಣು ಮುಚ್ಚಿಕೊಂಡರೂ ಪರವಾಗಿಲ್ಲ, ಆಮೇಲೆ ತಿಂಡಿ, ಆಮೇಲೆ ಐಸು ಅಂತ ಹೇಳಿಕೊಟ್ಟು ಹೋದಳು. ದಾಕ್ಷಿ ಹಾಗೇ ಮಾಡಿದಳು. ಮೈ ಮೆಲ್ಲಗೆ ತಿರುಗತೊಡಗಿತು. ಮೊದಲು ಇಡ್ಲಿ ರುಚಿಸಿತು. ಆಮೇಲೆ ಆಕಳಿಕೆ ನಿಂತಿತು. ಆಮೇಲೆ ಅವಳೂ ಅವಸರ ಅವಸರವಾಗಿ ಮಾತಾಡಲು ಶುರುಮಾಡಿದಳು, ನನಗೆ ಅದೇ ದೊಡ್ಡ ಗುರುತು. ಪಂದ್ಯಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ ಬೆಳಗಿನ ಬೀದಿಯ ಐಸಿನ ಮೇಲೆ ಮೂರೂವರೆ ಸುತ್ತು ಸುತ್ತಿ ನಿಂತೇಬಿಟ್ಟಳು. ನಾನು ಕೂಗಿದ ಕೂಗಿಗೆ ಮೇಷ್ಟ್ರು ಎದ್ದರು. ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಅಲ್ಲಿಂದಾಚೆ ಆ ಐಸಿನ ಮೇಲೆ ಅವಳು ಒಂದು ಸಲವೂ ಬೀಳಲಿಲ್ಲ.

ಈಗ ನಮ್ಮತ್ತೆಯ ವಿಷಯಕ್ಕೆ ಬರುತ್ತೇನೆ. ಮಗಳು ಬೆಳಗಿನ ಬೀದಿಯಲ್ಲಿ ವನವಾಸ ಮಾಡುತ್ತಿದ್ದಾಳೆ ಅಂತ ಅವರಿಗೆ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಅವರು ಬೀದಿಯವರನ್ನೆಲ್ಲ ಕೂಡಿಸಿದರಂತೆ. ಪಂದ್ಯ ಸಂಜೆ ಬೀದಿಗೆ ಬರುವವರೆಗೆ ಬಾಣಲೆ ಒಲೆ ಮೇಲೆ ಏರಬಾರದು ಅಂತ ತೀರ್ಮಾನವಾಯಿತಂತೆ. ಊರಲ್ಲಿ ಒಂದು ಮೆಣಸಿನಕಾಯಿ ಬಜ್ಜಿ ಸಿಗದ ಹಾಗಾಯಿತು. ಬೀಗರು ಬಂದರೆ ತಟ್ಟೆಯಲ್ಲಿ ಇಡಲು ಏನೂ ಇಲ್ಲ. ರಾತ್ರಿ ಬೀದಿಯ ಕಾವಲುಗಾರರು ಕೆಲಸಕ್ಕೆ ಬರುವುದಿಲ್ಲ ಅಂದರು. ಮಧ್ಯಾಹ್ನದ ಬೀದಿಯಲ್ಲಿ ನನ್ನ ಅಣ್ಣಂದಿರು ಚನ್ನವೀರಯ್ಯನವರಿಗೆ ಬೈದುಕೊಂಡು ತಿರುಗಿದರಂತೆ, ಕೇಳಿ ನನಗೆ ಹೆಮ್ಮೆಯಾಯಿತು. ಕೊನೆಗೆ ಕಾರ್ಯದರ್ಶಿಗಳ ಮೊಮ್ಮಗಳ ನಾಮಕರಣಕ್ಕೆ ಬೋಂಡ ಬೇಕಾಯಿತು. ಅವರು ಸೋತರು. ಪಂದ್ಯ ಸಂಜೆ ಬೀದಿಯಲ್ಲಿ ಅಂತ ಬೋರ್ಡು ಬರೆಸಿದರು.

ಇದೆಲ್ಲ ನಮಗೆ ಒಂದಿಷ್ಟೂ ತಿಳಿಯಲಿಲ್ಲ. ಮಗಳಿಗೆ ಬಾಯಾರೆ ತಾವೇ ಹೇಳಬೇಕು ಅಂತ ನಮ್ಮತ್ತೆ ಎಲ್ಲರಿಂದ ಆಣೆ ಹಾಕಿಸಿಕೊಂಡಿದ್ದರು. ಬೆಳಗಿನ ಬೀದಿಯವರಿಗೆ ನಿಂತು ಮಾತಾಡಲು ಪುರುಸೊತ್ತು ಎಲ್ಲಿದೆ, ಅವರಿಂದಲೂ ಸುದ್ದಿ ಹೊರಬೀಳಲಿಲ್ಲ. ಪಂದ್ಯಕ್ಕೆ ಎರಡೇ ದಿನ ಇರುವಾಗ ನಮ್ಮತ್ತೆ ಹೊಸ ಸೀರೆ ಉಟ್ಟು, ಬುಟ್ಟಿ ತುಂಬ ಬಜ್ಜಿ ಹೊತ್ತು, ಎಳೆಬಿಸಿಲಿಗೆ ರೆಪ್ಪೆ ಮುಚ್ಚಿಹೋಗುತ್ತಿದ್ದರೂ ಬಿಡದೆ ಮಹಡಿ ಹತ್ತಿ ಬಂದರು. ಗೆದ್ದೆವು ಅಂತ ಹೇಳಿ, ನಡೆದದ್ದನ್ನೆಲ್ಲ ಹೇಳಿ, ಹೇಳುತ್ತ ಹೇಳುತ್ತಲೇ ಗೋಡೆಗೆ ಒರಗಿ ನಿದ್ದೆ ಹೋದರು.

ನಾನು ಹಣೆ ಚಚ್ಚಿಕೊಂಡೆ. ದಾಕ್ಷಿ ಬುಟ್ಟಿಯಿಂದ ಒಂದು ಬಜ್ಜಿ ತೆಗೆದು ಬಾಯಿಗಿಟ್ಟಳು, ಅಗಿದಳು, ಕೆಳಗಿಟ್ಟಳು. ಮೈ ಅಷ್ಟು ಪೂರ್ತಿ ಬೆಳಗಿನದಾಗಿಬಿಟ್ಟಿತ್ತು, ತಾಯಿ ಕರಿದ ಬಜ್ಜಿ ಅವಳಿಗೆ ಮೊದಲಿನ ಹಾಗೆ ಸೇರಲಿಲ್ಲ. ಎರಡು ದಿನದಲ್ಲಿ ಅದನ್ನು ಸಂಜೆಗೆ ತಿರುಗಿಸುವುದು ಸಾಧ್ಯವೇ ಇರಲಿಲ್ಲ.

ಆಗಷ್ಟೇ ತೂಗುಹಾಕಿದ ಬೋರ್ಡು ನೋಡಿ ತ್ರಿಪುರಾಳೂ ಓಡಿ ಬಂದಳು. ಅವಳಿಗೂ ಸಂಜೆ ಬೀದಿ ಅಂದರೆ ಕಾಲು ಸೋಲುವ ಜಾಗ. ಇಬ್ಬರೂ ಜೊತೆಯಾಗಿ ಹೋಗೋಣ, ಇಬ್ಬರಿಗೂ ಬೆಳಗಿನ ಬೀದಿಯೇ ಬೇಕು ಅನ್ನೋಣ, ಕಾರ್ಯದರ್ಶಿಗಳು ಇಂಥ ಮಾತಿಗೇ ಕಾಯುತ್ತಿರುತ್ತಾರೆ, ಬೋರ್ಡು ಅಳಿಸಿಬಿಡುತ್ತಾರೆ ಅಂದಳು. ಅಲ್ಲೇ ಇದ್ದ ಹಾಲಪ್ಪ ಮೇಷ್ಟ್ರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ನಾನೂ ಎದ್ದೆ. ಅಲ್ಲಿ ನಡೆದರೆ ಮೂರೂವರೆ ನಿಲ್ಲುತ್ತದೆ, ಊರೆಲ್ಲ ನೋಡುತ್ತದೆ, ಕಪ್ಪೂ ಬರುತ್ತದೆ. ಇದರಲ್ಲಿ ಯೋಚನೆ ಮಾಡುವುದೇನಿದೆ?

ದಾಕ್ಷಿ ಏಳಲಿಲ್ಲ. ಗೋಡೆಗೆ ಒರಗಿ ಬಾಯಿ ತೆರೆದು ಮಲಗಿದ್ದ ತಾಯಿಯನ್ನೇ ನೋಡುತ್ತಿದ್ದಳು.

"ಅಮ್ಮ ಒಂದು ವರ್ಷಾನೂ ತಪ್ಪಿಸಿಲ್ಲ. ಪ್ರತಿ ಪಂದ್ಯಕ್ಕೂ ಬಂದು ಮುಂದಿನ ಬೆಂಚಲ್ಲಿ ಕೂತಿದ್ದಾಳೆ. ಪ್ರತಿ ಸಲಾನೂ ಹೀಗೇ."

ಎದ್ದವಳು ಮತ್ತೆ ಕೂತೆ. ನಿಜ ತಾನೇ. ನಮ್ಮ ಬೀದಿಯವರು ಬೆಳಗಿನ ಬೀದಿಯಲ್ಲಿ ಪಂದ್ಯ ನೋಡುತ್ತಿದ್ದದ್ದೇ ಹಾಗೆ, ಸಾಲಾಗಿ ಕೂತು, ಸಾಲಾಗಿ ನಿದ್ದೆ ಹೋಗಿ. ಚಪ್ಪಾಳೆಗೆ ಎಚ್ಚರವಾದಾಗ ಕೈ ತಟ್ಟಿ ಮನೆಗೆ ಬಂದು, ನಮ್ಮ ಹುಡುಗಿ ಚೆನ್ನಾಗಿ ಮಾಡಿದಳು ಅನ್ನುತ್ತಿದ್ದರು. ಮಧ್ಯಾಹ್ನದ ಬೀದಿಯವಳಾದ ನನಗೆ ಮಾತ್ರ ಎರಡು ಕಡೆಯೂ ಕಣ್ಣು ತೆರೆದಿರುತ್ತಿತ್ತು, ಅದೂ ಹೊಟ್ಟೆ ತುಂಬಿದ್ದರೆ. ಸ್ವಂತ ಬೀದಿಯಲ್ಲಿ ಬಾಣಲೆ, ಪಂದ್ಯದ ಬೀದಿಯಲ್ಲಿ ನಿದ್ದೆ. ಹೆತ್ತ ತಾಯಿ ತನ್ನ ಮಗಳು ಹಾರುವುದನ್ನು ಕಣ್ಣಾರೆ ಒಮ್ಮೆಯೂ ಕಂಡಿರಲಿಲ್ಲ.

ದಾಕ್ಷಿ ತ್ರಿಪುರಾಳ ಕೈ ಹಿಡಿದು, ನಿನಗೆ ಅನ್ಯಾಯ ಆಗುತ್ತದೆ, ಗೊತ್ತು, ಆದರೆ ನಾನು ಕೇಳಲು ಬರುವುದಿಲ್ಲ ಅಂದಳು. ತ್ರಿಪುರಾ ಬುಟ್ಟಿಯ ಪಕ್ಕದಲ್ಲಿ ಕೂತಳು. ಆಮೇಲೆ, ಎಷ್ಟು ವರ್ಷ ನೀನು ನನ್ನ ಬೀದಿಗೆ ಬಂದೆ, ಒಂದು ಸಲ ನಾನು ಬಂದರೆ ಸವೆದು ಹೋಗುವುದಿಲ್ಲ ಅಂದಳು. ಎರಡು ಬಜ್ಜಿ ತಿಂದು ಹೋದಳು.

ಪಂದ್ಯದ ದಿನ ನಮ್ಮ ಬೀದಿಯನ್ನು ನೋಡಬೇಕಿತ್ತು. ಬಾಣಲೆಗಳನ್ನು ಬೋರಲು ಹಾಕಿ ಎಲ್ಲರೂ ಐಸ್ ಅಂಗಳದ ಸುತ್ತ ಸೇರಿದ್ದರು. ಹೆಂಗಸರು ಮಲ್ಲಿಗೆ ಮುಡಿದಿದ್ದರು. ಒಬ್ಬರ ಕಣ್ಣಲ್ಲೂ ನಿದ್ದೆ ಇಲ್ಲ. ನಿದ್ದೆ ಮಾಡಿದ್ದು ಬೆಳಗಿನ ಬೀದಿಯವರು. ಚನ್ನವೀರಯ್ಯನವರು ಸ್ವಾಗತ ಭಾಷಣದ ನಡುವೆಯೇ ಮೈಕಿಗೆ ತಲೆ ಕೊಟ್ಟರು, ಅವರ ಗೊರಕೆ ಬೀದಿಗೆಲ್ಲ ಕೇಳಿಸಿತು. ಯಾರೋ ಮೈಕನ್ನು ಮೆಲ್ಲಗೆ ಆಚೆ ಸರಿಸಿದರು. ನಮ್ಮತ್ತೆ ಮುಂದಿನ ಬೆಂಚಿನ ಅಂಚಿಗೆ ಕೂತಿದ್ದರು, ಒಂದು ಕೈಯಲ್ಲಿ ನನ್ನ ಮಣಿಕಟ್ಟು.

ತ್ರಿಪುರಾ ಜಾಣೆ. ಸಂಜೆಯಲ್ಲಿ ತನ್ನ ಮೈ ಏನು ಕೇಳುತ್ತದೆ ಏನು ಕೇಳುವುದಿಲ್ಲ ಅಂತ ತಿಳಿದುಕೊಂಡೇ ಬಂದಿದ್ದಳು. ಮೂರು ಸುತ್ತಿನ ಜಾಗದಲ್ಲೆಲ್ಲ ಎರಡೇ ಸುತ್ತು ಇಟ್ಟು, ಒಂದು ಕಡೆ ಆಕಳಿಕೆ ಬಂದದ್ದನ್ನೂ ತೋಳು ಚಾಚಿ ನೃತ್ಯದ ಹಾಗೆ ಮಾಡಿ, ಎಲ್ಲೂ ಬೀಳದೆ ಮುಗಿಸಿದಳು. ಹಾಲಪ್ಪ ಮೇಷ್ಟ್ರು ದಾಕ್ಷಿಯ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಕೇಳಿದೆ, ನೀನೂ ಎರಡೇ ಹಾರು, ನಿನ್ನ ಕಾಲಿನ ಚಳಕಕ್ಕೆ ಗೆಲ್ಲುವುದು ನೀನೇ ಅಂದಿದ್ದರಂತೆ. ಅವಳು ಇಲ್ಲ ಅಂತ ತಲೆ ಆಡಿಸಿ ಐಸಿಗೆ ಇಳಿದಳು.

ಅಂಗಳವನ್ನು ಒಂದು ಸಲ ಬಳಸಿ ಬರುವಷ್ಟರಲ್ಲೇ ನನಗೆ ಗೊತ್ತಾಯಿತು. ಅವಳಿಗೆ ಹುಟ್ಟಿದ ಬೀದಿಯ ಬೆಳಕೇ ಭಾರವಾಗಿತ್ತು. ಕಾಲು ಎಳೆದುಕೊಂಡು ಹೋಗುತ್ತಿದ್ದಳು, ಹಾಡು ಅರ್ಧ ಹೆಜ್ಜೆ ಮುಂದೆ, ಇವಳು ಅರ್ಧ ಹೆಜ್ಜೆ ಹಿಂದೆ. ಮೂರೂವರೆಗೆ ಹಾರಿದಳು. ಎರಡೂವರೆಗೇ ಕೆಳಗೆ ಬಂದು ಧೊಪ್ಪನೆ ಬಿದ್ದಳು. ಬೀದಿಯೆಲ್ಲ ಒಮ್ಮೆ ಉಸಿರು ಎಳೆದುಕೊಂಡಿತು. ನಮ್ಮತ್ತೆಯ ಉಗುರು ನನ್ನ ಕೈಗೆ ನಾಟಿತು. ನಾನು ಕಣ್ಣು ಮುಚ್ಚಿಕೊಂಡೆ, ಅವರು ಮುಚ್ಚಿಕೊಳ್ಳಲಿಲ್ಲ.

ಅವಳು ಎದ್ದಳು. ನಿಯಮದ ಪ್ರಕಾರ ಮತ್ತೆ ಹಾರಿದರೆ ಅಂಕವಿಲ್ಲ, ಉಳಿದದ್ದನ್ನು ಅಂದವಾಗಿ ಮಾಡಿ ಮುಗಿಸಿದರೆ ಇನ್ನೂ ಗೆಲ್ಲಬಹುದಿತ್ತು. ಮೇಷ್ಟ್ರು ಬೇಲಿಯ ಮೇಲೆ ಬಾಗಿ ಬೇಡ ಬೇಡ ಅಂತ ಕೈ ಆಡಿಸುತ್ತಿದ್ದರು. ದಾಕ್ಷಿ ಆ ಕಡೆ ನೋಡಲೇ ಇಲ್ಲ. ಕೊನೆಯ ತಿರುಗಣೆಯನ್ನು ಬಿಟ್ಟಳು, ಕೊನೆಯ ನಮಸ್ಕಾರದ ಭಂಗಿಯನ್ನೂ ಬಿಟ್ಟಳು, ಅಂಗಳದ ಆ ತುದಿಗೆ ಹೋಗಿ, ಹಾಡು ಮುಗಿಯುತ್ತಿರುವಾಗ ಇಡೀ ಅಂಗಳವನ್ನು ಹಾದು ನಮ್ಮ ಬೆಂಚಿನ ಕಡೆಗೇ ಬಂದಳು. ಹಾರಿದಳು. ಒಂದು, ಎರಡು, ಮೂರು. ಮತ್ತೂ ಅರ್ಧ. ಇಳಿದದ್ದು ಚೆಂದವಾಗೇನೂ ಇರಲಿಲ್ಲ. ಸೊಂಟ ಒಂದು ಕಡೆ, ಕೈ ಇನ್ನೊಂದು ಕಡೆ, ಜಾರಿ ಜಾರಿ ಬೇಲಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದಳು. ಆದರೆ ಒಂದೇ ಕಾಲ ಮೇಲೆ ಇದ್ದಳು. ನಿಂತಿದ್ದಳು.

ಬೀದಿ ಎದ್ದು ಕೂಗಿದ ಸದ್ದಿಗೆ ಚನ್ನವೀರಯ್ಯನವರಿಗೆ ಎಚ್ಚರವಾಗಿ, ಮೈಕು ಹುಡುಕಿಕೊಂಡು, ತ್ರಿಪುರಾ ಗೆದ್ದಳು ಅಂತ ಹೇಳಿದರು. ಅದು ಸರಿಯೂ ಆಗಿತ್ತು. ಎರಡನೆಯವಳು ದಾಕ್ಷಾಯಿಣಿ ಅಂದದ್ದು ಯಾರಿಗೂ ಕೇಳಿಸಲಿಲ್ಲ.

ನಮ್ಮತ್ತೆ ನನ್ನ ಕೈ ಬಿಟ್ಟು, ಬೇಲಿ ದಾಟಿ, ಚಪ್ಪಲಿ ಕಾಲಲ್ಲೇ ಐಸಿನ ಮೇಲೆ ಇಳಿದರು. ನಾನು ಬೀಳುತ್ತೀರಿ ಅಂತ ಹಿಂದೆ ಓಡಿದೆ. ಜಾರುತ್ತ, ತಡವರಿಸುತ್ತ, ಮಗಳ ತೋಳು ಹಿಡಿದು ನಿಂತುಕೊಂಡ ಮೇಲೆ ಅವರಿಗೆ ಬಂದದ್ದು ಸಿಟ್ಟು.

"ಇಷ್ಟು ವರ್ಷ ಇದನ್ನೇ ಮಾಡ್ತಿದ್ದೆಯೇನೆ ನೀನು? ಮುಂದಿನ ಬೆಂಚಲ್ಲೇ ಕೂತಿರ್ತಿದ್ನಲ್ಲ, ನನ್ನ ಎಬ್ಬಿಸಬಾರದಾಗಿತ್ತಾ?"

ದಾಕ್ಷಿಗೆ ಇನ್ನೂ ಏದುಸಿರು. ನಗುತ್ತಿದ್ದಳು, ಅಳುತ್ತಲೂ ಇದ್ದಳು.

"ಎಬ್ಬಿಸಿದ್ರೆ ನಾನು ಬೀಳೋದನ್ನ ನೀನು ನೋಡ್ತಿದ್ದೆ ಕಣಮ್ಮ."

"ಇವತ್ತೂ ಬಿದ್ದೆ, ನೋಡ್ದೆ," ಅಂದರು ನಮ್ಮತ್ತೆ, ಸೆರಗಿನಿಂದ ಅವಳ ಮಂಡಿಗೆ ಮೆತ್ತಿದ ಐಸು ಒರೆಸುತ್ತ. "ಏನಾಯ್ತೀಗ?"